ಗುಂಡಿನ ಹೊಣೆ

ಕೊಳ್ಳೇಗಾಲದಿಂದ ಹೊರಟ ಹಾದಿ ಹನೂರನ್ನು ದಾಟುತ್ತಿದ್ದಂತೆಯೇ ಬಯಲು ಹಿಂದೆ ಸರಿದು ಬೆಟ್ಟಗಳು ಎದುರಾಗುತ್ತವೆ. ಒಂದು ಬೆಟ್ಟದ ಹೆಗಲ ಮೇಲಿಂದ ಇನ್ನೊಂದು ಬೆಟ್ಟ ಇಣುಕುತ್ತದೆ. ಅದು ಎಪ್ಪತ್ತೇಳು ಮಲೆಗಳ ಒಡೆಯನೆಂದು ಜನ ನಂಬಿದ ಮಾದೇಶ್ವರನ ನಾಡು. ಇತ್ತ ಯಳಂದೂರಿನ ಹಸುರು ಗದ್ದೆಗಳ ಆಚೆಗೆ ಬಿಳಿಗಿರಿರಂಗನ ಬೆಟ್ಟಸಾಲು ಗೋಡೆಯಂತೆ ಎದ್ದು ನಿಂತಿದೆ. ಉತ್ತರಕ್ಕೂ ಪೂರ್ವಕ್ಕೂ ಕಾವೇರಿ ಬಳಸಿ ಹರಿಯುತ್ತಾಳೆ. ಬಿದಿರು, ತೇಗ, ಹೊನ್ನೆ, ಮತ್ತಿಗಳ ಈ ಕಾಡಿನಲ್ಲಿ ಆನೆ, ಕಾಟಿ, ಕಡವೆ, ಕರಡಿ, ಚಿರತೆ, ಹುಲಿಗಳು ಬಾಳುತ್ತಿವೆ. ಅವುಗಳೊಡನೆ ಸೋಲಿಗರೂ ತಲೆತಲಾಂತರದಿಂದ ಬಾಳುತ್ತಾ ಬಂದಿದ್ದಾರೆ.

ಈ ಸೀಮೆಯ ಜನ ಹುಲಿಯನ್ನು ಬರಿಯ ಭಯದಿಂದ ಕಂಡವರಲ್ಲ. ಮಲೆ ಮಹದೇಶ್ವರನ ವಾಹನ ಹುಲಿ. ಸೋಲಿಗರು ಹುಲಿಯನ್ನು ದೈವವೆಂದು ಪೂಜಿಸುತ್ತಾರೆ. ಆದರೂ ದನಗಾಹಿಯ ಹಟ್ಟಿಗೆ ಹುಲಿ ನುಗ್ಗಿದಾಗ, ಸೌದೆಗೆ ಹೋದವಳು ಮರಳಿ ಬಾರದೆ ಹೋದಾಗ, ಭಕ್ತಿಯ ಸ್ಥಾನದಲ್ಲಿ ದುಃಖವೂ ಕೋಪವೂ ನೆಲೆಸುವುದು ಸಹಜ. ಕಾಡಿನ ಅಂಚಿನ ಬಾಳು ಅಂದಿಗೂ ಇಂದಿಗೂ ಈ ಎರಡು ಭಾವಗಳ ನಡುವೆ ತೂಗಾಡುತ್ತಿದೆ. ಆ ಬಾಳನ್ನು ಹತ್ತಿರದಿಂದ ಕಂಡು, ಕೋವಿ ಹಿಡಿದು ಕಾಡನ್ನು ಹೊಕ್ಕು, ಕೊನೆಗೆ ಕಾಡಿನ ಪರವಾಗಿಯೇ ನಿಂತವರು ಕೆನೆತ್ ಆಂಡರ್ಸನ್.

ಕೆನೆತ್ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದಿನ ಸಮೀಪದ ಸಿಕಂದರಾಬಾದಿಗೆ ಸೇರಿದ ಬೊಲಾರಮ್ಮಿನಲ್ಲಿ. ಅವರ ಹಿರಿಯರು ಸ್ಕಾಟ್ಲೆಂಡಿನವರು. ಆದರೆ ಆ ಮನೆತನ ಆರು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿತ್ತು. ತಂದೆ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ನರು ಸೈನ್ಯದ ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಬಂದೂಕು ಹಿಡಿಯುವ ಹವ್ಯಾಸ ಮಗನಿಗೆ ತಂದೆಯಿಂದಲೇ ಬಂದುದು. ಬಾಲಕ ಕೆನೆತ್ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಸೇಂಟ್ ಜೋಸೆಫ್ ಕಾಲೇಜಿನಲ್ಲಿಯೂ ಓದಿದನು. ಮಗ ವಕೀಲನಾಗಬೇಕೆಂದು ತಂದೆತಾಯಿಗಳು ಬಯಸಿ, ಕಾನೂನು ಓದಲು ಅವನನ್ನು ಎಡಿನ್‌ಬರೋ ನಗರಕ್ಕೆ ಕಳುಹಿಸಿದರು. ಅದು ಅವನ ಪೂರ್ವಿಕರ ನಾಡು. ಆದರೂ ಅಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಓದನ್ನು ನಡುವೆಯೇ ಬಿಟ್ಟು ಅವನು ಬೆಂಗಳೂರಿಗೆ ಮರಳಿದನು. ರಕ್ತದಿಂದ ಸ್ಕಾಟ್ಲೆಂಡಿನವನಾದರೂ ಮನಸ್ಸಿನಿಂದ ಅವನು ಈ ನೆಲದ ಮಗನೇ ಆಗಿದ್ದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮುಂದೆ ಆಂಡರ್ಸನ್ನರು ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಹದಿನೈದು ವರ್ಷಗಳ ಕಾಲ ದುಡಿದರು. ಅನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಹೊಣೆ ಹೊತ್ತರು. ಆ ಕಾರ್ಖಾನೆಯೇ ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್ ಎಂದು ಹೆಸರಾಯಿತು. ಬ್ಲಾಸಮ್ ಫ್ಲೆಮಿಂಗ್ ಎಂಬವರನ್ನು ವಿವಾಹವಾದರು. ಅವರಿಗೆ ಜೂನ್ ಎಂಬ ಮಗಳೂ ಡೊನಾಲ್ಡ್ ಎಂಬ ಮಗನೂ ಇದ್ದರು. ಹೊರನೋಟಕ್ಕೆ ಅದೊಂದು ಸಾಮಾನ್ಯ ನೌಕರನ ಜೀವನ. ಆದರೆ ರಜೆ ದೊರೆಯಿತೆಂದರೆ ಅವರ ಸ್ಟುಡಿಬೇಕರ್ ಕಾರು ನಗರವನ್ನು ಬಿಟ್ಟು ಕಾಡಿನ ದಾರಿ ಹಿಡಿಯುತ್ತಿತ್ತು. ಕಾರಿನಲ್ಲಿ ಹಾಸಿಗೆ, ಚಹಾ ತುಂಬಿದ ಪಾತ್ರೆ, ಬ್ಯಾಟರಿ ದೀಪ, ಜೊತೆಗೊಂದು ಹಳೆಯ ರೈಫಲು ಇರುತ್ತಿದ್ದುವು. ಕನ್ನಡವನ್ನೂ ತಮಿಳನ್ನೂ ಬಲ್ಲ ಅವರಿಗೆ ಹಳ್ಳಿಯ ಜಗಲಿಯಲ್ಲಿ ಕುಳಿತು ಜನರೊಡನೆ ಮಾತನಾಡಲು ದುಭಾಷಿಯ ನೆರವು ಬೇಕಿರಲಿಲ್ಲ.

ಆ ರೈಫಲಿನ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಆಂಡರ್ಸನ್ನರ ಹೆಸರನ್ನು ಕೇಳಿದವರೆಲ್ಲರಿಗೂ ಅದರ ನೆನಪೂ ಜೊತೆಗೇ ಬರುತ್ತದೆ. ಅದು ಅಮೆರಿಕದ ವಿಂಚೆಸ್ಟರ್ ಸಂಸ್ಥೆಯ 1895ರ ಮಾದರಿಯ ರೈಫಲು. ಅದನ್ನು ರೂಪಿಸಿದವನು ಜಾನ್ ಬ್ರೌನಿಂಗ್ ಎಂಬ ಪ್ರಸಿದ್ಧ ಶಿಲ್ಪಿ. ಅದರ ಹಿಡಿಯ ಕೆಳಗೆ, ಬೆರಳುಗಳು ತೂರುವಂತೆ ಬಳೆಯಾಕಾರದ ಒಂದು ಸನ್ನೆಕೋಲಿದೆ. ಗುಂಡು ಹಾರಿಸಿದ ಮೇಲೆ ಆ ಸನ್ನೆಕೋಲನ್ನು ಕೆಳಕ್ಕೆ ತಳ್ಳಿದರೆ ಖಾಲಿಯಾದ ತೋಟಾ ಹೊರಕ್ಕೆ ಹಾರುತ್ತದೆ. ಮತ್ತೆ ಮೇಲಕ್ಕೆಳೆದರೆ ಹೊಸ ತೋಟಾ ನಳಿಗೆಯ ಬುಡಕ್ಕೆ ಬಂದು ಕೂರುತ್ತದೆ. ಕೋವಿಯನ್ನು ಹೆಗಲಿನಿಂದ ಇಳಿಸದೆಯೇ ಮತ್ತೊಂದು ಗುಂಡು ಹೊಡೆಯಬಹುದು. ಎದುರಿಗೆ ಹುಲಿ ನೆಗೆಯುತ್ತಿರುವಾಗ ಈ ಒಂದು ಕ್ಷಣದ ಉಳಿತಾಯ ಬೇಟೆಗಾರನ ಪ್ರಾಣವನ್ನೇ ಉಳಿಸಬಲ್ಲುದು.

ಅದಕ್ಕಿಂತ ಹಿಂದಿನ ವಿಂಚೆಸ್ಟರ್ ರೈಫಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಂದರಲ್ಲಿ ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತಿದ್ದುವು. ಒಂದು ಗುಂಡಿನ ಮೂತಿ ಮುಂದಿನ ತೋಟಾದ ಬುಡಕ್ಕೆ ತಾಗುವುದರಿಂದ ಚೂಪು ಮೂತಿಯ ಗುಂಡುಗಳನ್ನು ಅವುಗಳಲ್ಲಿ ಬಳಸುವುದು ಅಪಾಯಕರವಾಗಿತ್ತು. ಕೋವಿ ಅದುರಿದಾಗ ಮೂತಿಯ ಪೆಟ್ಟಿಗೆ ಮುಂದಿನ ತೋಟಾ ಸಿಡಿಯುವ ಭಯವಿತ್ತು. ಬ್ರೌನಿಂಗನು ಕೊಳವೆಯನ್ನು ತೆಗೆದು, ತೋಟಾಗಳು ಒಂದರ ಮೇಲೊಂದು ಕೂರುವಂತೆ ಕೋವಿಯ ಹೊಟ್ಟೆಯಲ್ಲಿ ಒಂದು ಪೆಟ್ಟಿಗೆಯನ್ನಿಟ್ಟನು. ಇದರಿಂದ ಹೆಚ್ಚು ಶಕ್ತಿಯುತವಾದ ತೋಟಾಗಳಿಗೂ ಆ ರೈಫಲು ಯೋಗ್ಯವಾಯಿತು. ಹಾಗೆ ಅದಕ್ಕೆಂದೇ 1904ರಲ್ಲಿ ಬಂದ ತೋಟಾ 405 ವಿಂಚೆಸ್ಟರ್ ಎಂಬುದು. ಅದರ ಗುಂಡು ಸುಮಾರು ಹತ್ತೂವರೆ ಮಿಲಿಮೀಟರ್ ದಪ್ಪ. ತೂಕ 300 ಗ್ರೇನು, ಅಂದರೆ ಇಪ್ಪತ್ತು ಗ್ರಾಂಗೆ ತುಸು ಕಡಿಮೆ. ನಳಿಗೆಯನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಸನ್ನೆಕೋಲಿನ ರೈಫಲುಗಳಿಗೆಂದು ಆ ಕಾಲದಲ್ಲಿ ತಯಾರಾದ ತೋಟಾಗಳಲ್ಲಿ ಅದಕ್ಕಿಂತ ಬಲವಾದುದು ಇರಲಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟರು 1909ರಲ್ಲಿ ಆಫ್ರಿಕಕ್ಕೆ ಹೋದಾಗ ಸಿಂಹದ ಬೇಟೆಗೆ ಇದೇ ತೋಟಾವನ್ನು ಮೆಚ್ಚಿ ಬಳಸಿದರು. ಆ ಬಳಿಕ ಅದರ ಕೀರ್ತಿ ಕಡಲು ದಾಟಿ ಹಬ್ಬಿತು.

ಆದರೆ ತೋಟಾದ ಬಲವೇ ಬೇಟೆಗಾರನ ಬಲವಲ್ಲ. ಗುಂಡು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿದರೆ ಮಾತ್ರ ಪ್ರಾಣಿ ನೋವಿಲ್ಲದೆ ಸಾಯುತ್ತದೆ. ಅಂಗೈಯಷ್ಟು ಅಂತರ ತಪ್ಪಿದರೂ ಅದು ಗಾಯಗೊಂಡು ಪೊದೆಯನ್ನು ಸೇರುತ್ತದೆ. ಆ ಬಳಿಕ ಏನಾಗುತ್ತದೆ ಎಂಬುದನ್ನು ಆಂಡರ್ಸನ್ನರಷ್ಟು ಸ್ಪಷ್ಟವಾಗಿ ತಿಳಿದವರು ವಿರಳ.

ಹುಲಿ, ಚಿರತೆಗಳು ಸ್ವಭಾವತಃ ಮನುಷ್ಯನಿಗೆ ಅಂಜಿ ದೂರ ಸರಿಯುವ ಪ್ರಾಣಿಗಳು. ಮನುಷ್ಯನ ದನಿ ಕೇಳಿದರೆ ಸಾಕು, ಅವು ಹಾದಿ ಬಿಟ್ಟು ಮರೆಯಾಗುತ್ತವೆ. ಹಾಗಿದ್ದರೂ ಅವುಗಳಲ್ಲಿ ಕೆಲವು ನರಭಕ್ಷಕಗಳಾಗುವುದೇಕೆ? ಆಂಡರ್ಸನ್ನರು ತಾವು ಕಂಡ ಒಂದೊಂದು ಪ್ರಸಂಗದಲ್ಲಿಯೂ ಈ ಪ್ರಶ್ನೆಯ ಉತ್ತರವನ್ನು ಹುಡುಕಿದರು. ಬಹುಪಾಲು ಸಂದರ್ಭಗಳಲ್ಲಿ ಆ ಉತ್ತರ ಮನುಷ್ಯನ ಕಡೆಗೇ ಬೆರಳು ಮಾಡಿತು. ರಾತ್ರಿಯ ಹೊತ್ತು ಹೊಲ ಕಾಯುವವನು ಕೇಪಿನ ಕೋವಿಯಿಂದ ಚಿಲ್ಲರೆ ಗುಂಡು ಹಾರಿಸಿರುತ್ತಾನೆ. ಇಲ್ಲವೆ ಮೋಜಿಗೆಂದು ಬಂದ ಬೇಟೆಗಾರನು ಆತುರದಿಂದ ಗುಂಡು ಹೊಡೆದು, ತಪ್ಪಿದ ಗುರಿಯನ್ನು ಹಿಂಬಾಲಿಸುವ ಧೈರ್ಯವಿಲ್ಲದೆ ಊರಿಗೆ ಮರಳಿರುತ್ತಾನೆ. ಕಾಲು ಮುರಿದ, ದವಡೆ ಒಡೆದ ಹುಲಿ ಕಡವೆಯನ್ನು ಅಟ್ಟಿ ಹಿಡಿಯಲಾರದು. ಹಸಿವು ಅದನ್ನು ದನದ ಬಳಿಗೂ, ದನ ಕಾಯುವವನ ಬಳಿಗೂ ಒಯ್ಯುತ್ತದೆ. ಮನುಷ್ಯ ಇಷ್ಟು ಸುಲಭವಾದ ಬೇಟೆಯೆಂದು ಒಮ್ಮೆ ತಿಳಿದ ಮೇಲೆ ಅದು ಆ ದಾರಿಯನ್ನು ಬಿಡುವುದಿಲ್ಲ. ಗುರಿ ತಪ್ಪಿಸಿದವನು ಎಲ್ಲಿಯೋ ಸುಖವಾಗಿರುತ್ತಾನೆ. ಅವನ ತಪ್ಪಿಗೆ ದಂಡ ತೆರುವವರು ಯಾವ ಪಾಪವನ್ನೂ ಅರಿಯದ ಬಡಜನ.

ಜವಳಗಿರಿಯ ಹೆಣ್ಣುಹುಲಿಯ ಕಥೆ ಇದಕ್ಕೆ ನಿದರ್ಶನ. ಹನೂರಿನ ಕಾಡುಗಳಿಂದ ಕಾವೇರಿಯ ಆಚೆ ದಡಕ್ಕೆ ದಾಟಿದರೆ ಇಂದಿನ ತಮಿಳುನಾಡಿನ ಅಂಚೆಟ್ಟಿ, ಜವಳಗಿರಿಗಳ ಕಾಡು ಸಿಗುತ್ತದೆ. ನದಿಯ ಎರಡು ದಡಗಳಲ್ಲಿಯೂ ಕಾಡು ಒಂದೇ. ಅಂದಿನ ಮದರಾಸು ಪ್ರಾಂತ್ಯದಲ್ಲಿ ಎರಡು ದಡಗಳೂ ಸೇರಿದ್ದುವು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಜವಳಗಿರಿಯ ಆ ಹುಲಿ ಸಂಗಾತಿಯನ್ನು ಕಳೆದುಕೊಂಡಿತ್ತು. ಸಾಲದೆಂಬಂತೆ ಗುರಿ ತಪ್ಪಿದ ಗುಂಡೊಂದು ಅದನ್ನು ಗಾಯಗೊಳಿಸಿತು. ಆ ಬಳಿಕ ಅದು ಮನುಷ್ಯರನ್ನು ಕೊಲ್ಲತೊಡಗಿ, ಹಳ್ಳಿಯಿಂದ ಹಳ್ಳಿಗೆ ಭಯವನ್ನು ಹರಡಿತು. ಆಂಡರ್ಸನ್ನರು ಅದನ್ನು ಅರಸಿ ಬಹಳ ಕಾಲ ಅಲೆದರು. ಕೊನೆಗೆ ಅದರ ಏಕಾಕಿತನವೇ ಅವರಿಗೆ ದಾರಿ ತೋರಿತು. ಗಂಡುಹುಲಿಯ ಕೂಗನ್ನು ಬಾಯಿಂದಲೇ ಅನುಕರಿಸುವ ಕಲೆ ಅವರಿಗೆ ಸಿದ್ಧಿಸಿತ್ತು. ರಾತ್ರಿಯ ಮೌನದಲ್ಲಿ ಅವರು ಕೂಗಿದರು. ಸಂಗಾತಿ ಕರೆಯಿತೆಂದು ನಂಬಿ ಹೆಣ್ಣುಹುಲಿ ಓಗೊಡುತ್ತಾ ಹತ್ತಿರ ಬಂದಿತು. 405ರ ಗುಂಡು ಅದನ್ನು ಉರುಳಿಸಿತು. ಊರಿನ ಭಯವೇನೋ ಕಳೆಯಿತು. ಆದರೆ ಪ್ರೀತಿಯ ಕರೆಯೆಂದು ನಂಬಿ ಬಂದ ಪ್ರಾಣಿಯನ್ನು ಕೊಂದ ಆ ಪ್ರಸಂಗದಲ್ಲಿ ಬರಿಯ ಗೆಲುವನ್ನು ಕಾಣುವುದು ಯಾರಿಗೂ ಸಾಧ್ಯವಿಲ್ಲ.

ಅದೇ ಸೀಮೆಯ ಗುಮ್ಮಳಾಪುರದ ಚಿರತೆ ಇನ್ನೊಂದು ಬಗೆಯ ಎದುರಾಳಿ. ಅದು ನಲವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದಿತ್ತೆಂದು ಆಂಡರ್ಸನ್ನರು ಬರೆದಿದ್ದಾರೆ. ಹೊತ್ತು ಮುಳುಗುವ ಮೊದಲೇ ಮನೆಗಳ ಬಾಗಿಲುಗಳು ಮುಚ್ಚುತ್ತಿದ್ದುವು. ಜನ ಹೊಲಕ್ಕೆ ಹೋಗಲು ಅಂಜುತ್ತಿದ್ದರು. ಚಾವಣಿಯ ಹುಲ್ಲನ್ನು ಕಿತ್ತು ಚಿರತೆ ಒಳಗಿಳಿಯಬಹುದೆಂಬ ಭಯದಿಂದ ಮನೆಯೊಳಗೂ ನಿದ್ರೆ ಇರಲಿಲ್ಲ. ಆಂಡರ್ಸನ್ನರು ಅಲ್ಲಿ ಹಲವು ರಾತ್ರಿಗಳನ್ನು ಎಚ್ಚರದಿಂದ ಕಳೆದರು. ಆ ಹಾಳು ಬಿದ್ದಂತಿದ್ದ ಬೀದಿಯಲ್ಲಿ ಅವರಿಗೆ ಜೊತೆಯಾದುದು ಯಾರಿಗೂ ಬೇಡದ ಒಂದು ಬೀದಿನಾಯಿ. ಮನುಷ್ಯನ ಕಿವಿಗೆ ಏನೂ ಕೇಳಿಸದ ಹೊತ್ತಿನಲ್ಲಿ ಅದು ಗುರುಗುಟ್ಟಿ ಎಚ್ಚರಿಸಿತು. ಚಿರತೆ ಸತ್ತ ಬಳಿಕ ಆಂಡರ್ಸನ್ನರು ಆ ನಾಯಿಯನ್ನು ಮರೆಯಲಿಲ್ಲ. ಅದನ್ನು ಬೆಂಗಳೂರಿನ ಮನೆಗೆ ಕರೆತಂದು, ನಿಪ್ಪರ್ ಎಂದು ಹೆಸರಿಟ್ಟು ಸಾಕಿದರು. ತಮ್ಮ ಪ್ರಾಣ ಉಳಿದುದು ಬೆಲೆಬಾಳುವ ರೈಫಲಿನಿಂದ ಮಾತ್ರವಲ್ಲ, ತುತ್ತು ಅನ್ನಕ್ಕೆ ಋಣಿಯಾದ ನಾಯಿಯಿಂದಲೂ ಎಂಬುದನ್ನು ಅವರು ಕೃತಜ್ಞತೆಯಿಂದ ನೆನೆದರು.

ಹಾಗೆಂದು ಆಂಡರ್ಸನ್ನರು ಹೋದೆಡೆಯಲ್ಲೆಲ್ಲ ಜಯವೇ ದೊರೆಯಿತೆಂದು ತಿಳಿಯಬಾರದು. ಅರಸೀಕೆರೆಯ ಪೂರ್ವದ ನಾಗವಾರ ಗುಡ್ಡಗಳಲ್ಲಿ ಒಂದು ಕರಡಿ ಹನ್ನೆರಡು ಮಂದಿಯನ್ನಾದರೂ ಕೊಂದು, ಇನ್ನೂ ಹಲವರನ್ನು ವಿಕಾರಗೊಳಿಸಿತ್ತು. ಅಲ್ಲಿನ ದರ್ಗಾವನ್ನು ನೋಡಿಕೊಳ್ಳುತ್ತಿದ್ದ ಆಲಂ ಬಕ್ಷ್ ಎಂಬ ವೃದ್ಧ ಫಕೀರನ ಮಗನೂ ಅದಕ್ಕೆ ಬಲಿಯಾದನು. ಆ ತಂದೆಯ ಮೊರೆಗೆ ಓಗೊಟ್ಟು ಆಂಡರ್ಸನ್ನರು ಹೋದರು. ಮೊದಲ ಪ್ರಯತ್ನ ಕೈಗೂಡಲಿಲ್ಲ. ಎರಡನೆಯದೂ ವ್ಯರ್ಥವಾಯಿತು. ಪ್ರತಿ ಸೋಲಿನ ಬೆಲೆ ಇನ್ನೊಬ್ಬರ ನೋವೆಂಬುದನ್ನು ಬಲ್ಲ ಅವರು ಮತ್ತೆ ಹೋಗಿ, ಮೂರನೆಯ ಸಲ ಆ ಕರಡಿಯನ್ನು ಕೊಂದರು. ಕೈಗೆತ್ತಿಕೊಂಡ ಕೆಲಸವನ್ನು ನಡುವೆ ಬಿಡಬಾರದೆಂಬುದು ಅವರ ನಿಯಮವಾಗಿತ್ತು. ಗಾಯಗೊಂಡ ಪ್ರಾಣಿಯನ್ನು ಪೊದೆಯಲ್ಲಿ ಬಿಟ್ಟು ಬರುವುದು ಹೇಡಿತನವೆಂದು ಅವರು ಎಣಿಸಿದ್ದರು. ಬೇಟೆಯಲ್ಲಿ ಅದಕ್ಕಿಂತ ಅಪಾಯದ ಕೆಲಸ ಬೇರೊಂದಿಲ್ಲ. ನೆತ್ತರಿನ ಹನಿಗಳ ಜಾಡು ಹಿಡಿದು, ಒಂದೊಂದು ಹೆಜ್ಜೆಗೂ ನಿಂತು ಆಲಿಸುತ್ತಾ, ಮುಳ್ಳಿನ ಮೆಳೆಗಳ ನಡುವೆ ಸಾಗಬೇಕು. ಬೇಟೆಗಾರನಿಗೆ ಪ್ರಾಣಿ ಕಾಣುವ ಮೊದಲೇ ಪ್ರಾಣಿಗೆ ಬೇಟೆಗಾರ ಕಂಡಿರುತ್ತಾನೆ. ಆದರೂ ಹೊಡೆದ ಗುಂಡಿನ ಹೊಣೆ ಹೊಡೆದವನದೇ.

ಈ ವಿದ್ಯೆಯನ್ನು ಆಂಡರ್ಸನ್ನರು ಪುಸ್ತಕದಿಂದ ಕಲಿತವರಲ್ಲ. ಕಾಡಿನಲ್ಲಿ ಹುಟ್ಟಿ ಬೆಳೆದವರೇ ಅವರಿಗೆ ಗುರುಗಳಾದರು. ಅವರಲ್ಲಿ ಮುಖ್ಯನಾದವನು ಬೈರ ಎಂಬ ಪೂಜಾರಿ ಜನಾಂಗದವನು. ಪೆನ್ನಾಗರದ ಕಡೆಯ ಚಿನ್ನಾರು ಹೊಳೆಯ ದಡದಲ್ಲಿ ಮಣ್ಣು ತೋಡಿ ಮಾಡಿದ ಗುಹೆಯಂಥ ಬಿಲವೇ ಅವನ ಮನೆ. ಸೊಂಟಕ್ಕೊಂದು ತುಂಡು ಬಟ್ಟೆಯೇ ಅವನ ಉಡುಗೆ. ಅವರಿಬ್ಬರ ಮೊದಲ ಭೇಟಿಯಾದಾಗ ಅವನು ಕದ್ದು ಬೇಟೆಯಾಡುತ್ತಿದ್ದವನು. ಆದರೆ ತರಗೆಲೆಯ ಮೇಲಿನ ಹೆಜ್ಜೆಯ ಗುರುತನ್ನು ಕಂಡು ಅದು ಯಾವ ಪ್ರಾಣಿ, ಎಷ್ಟು ಹೊತ್ತಿನ ಹಿಂದೆ, ಎತ್ತ ಹೋಯಿತು ಎಂಬುದನ್ನು ಅವನು ಓದಿ ಹೇಳಬಲ್ಲವನಾಗಿದ್ದನು. ಲಂಗೂರ ಕೋತಿಯ ಕೂಗಿಗೆ, ಕಡವೆಯ ಎಚ್ಚರಿಕೆಯ ದನಿಗೆ, ಕಾಡುಕೋಳಿಯ ಗಾಬರಿಗೆ ಅರ್ಥ ಹೇಳಿಕೊಟ್ಟವರು ಇಂಥವರೇ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಅಧಿಕಾರಿ ಅಕ್ಷರವನ್ನರಿಯದ ಕಾಡುವಾಸಿಯ ಮುಂದೆ ಶಿಷ್ಯನಂತೆ ಕುಳಿತನು. ವರ್ಣದ ಹೆಮ್ಮೆ ತುಂಬಿದ್ದ ಆ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ಬೈರನನ್ನು ಅವರು ತಮ್ಮ ಗೆಳೆಯನೆಂದೇ ಬರಹಗಳಲ್ಲಿ ಪರಿಚಯಿಸಿದ್ದಾರೆ.

ಕೊಳ್ಳೇಗಾಲದ ಸೀಮೆ ಆಂಡರ್ಸನ್ನರಿಗೆ ಚೆನ್ನಾಗಿ ಪರಿಚಿತವಾಗಿತ್ತು. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ, ಬೈಲೂರುಗಳ ಮೂಲಕ ಹಾಸನೂರಿನ ಕಡೆಗೆ ಸಾಗುವ ಕಾಡುದಾರಿಯೊಂದಿದೆ. ಅದರ ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟಸಾಲು, ಪೂರ್ವಕ್ಕೆ ಮತ್ತೊಂದು ಬೆಟ್ಟಸಾಲು. ನಡುವಿನ ಕಣಿವೆಯಲ್ಲಿ ಗೆದ್ದೆಸಾಲ ಎಂಬ ಹಳ್ಳಿಯಿದೆ. ಆ ಕಣಿವೆಯ ಒಂದು ದೊಡ್ಡ ಕಾಟಿಯನ್ನು ಕುರಿತು ಅವರು ಕಥೆಯೊಂದನ್ನು ಬರೆದರು. ಕನ್ನಡವೇ ಮನೆಮಾತಾಗಿರುವ ತಾಳವಾಡಿಯೂ ಮುದಿಯನೂರೂ ಅವರ ಕಥೆಗಳ ಹೆಸರುಗಳಲ್ಲಿ ಉಳಿದಿವೆ. ಅವರ ಹಾಗೆಯೇ ಈ ಬೆಟ್ಟಗಳನ್ನು ಪ್ರೀತಿಸಿದ ಇನ್ನೊಬ್ಬರು ಹೊನ್ನಮೇಟಿಯಲ್ಲಿ ಕಾಫಿ ಬೆಳೆಯುತ್ತಿದ್ದ ಆರ್. ಸಿ. ಮಾರಿಸ್. ಅವರೂ ಬೇಟೆಗಾರರು, ಜೊತೆಗೆ ಕಾಡುಪ್ರಾಣಿಗಳ ನಡವಳಿಕೆಯನ್ನು ಗಮನಿಸಿ ಬರೆದಿಟ್ಟ ನಿಸರ್ಗಪ್ರಿಯರು.

ಈ ಕಾಡುಗಳಲ್ಲಿ ಆಂಡರ್ಸನ್ನರು ಕಳೆದ ರಾತ್ರಿಗಳೆಲ್ಲ ಬೇಟೆಯ ರಾತ್ರಿಗಳಲ್ಲ. ಮರದ ಮೇಲಿನ ಅಟ್ಟಣೆಯಲ್ಲಿಯೋ ಹೊಳೆಯ ಮರಳಿನಲ್ಲಿಯೋ ಬೆಳಗಾಗುವ ತನಕ ಸುಮ್ಮನೆ ಕುಳಿತಿರುವುದು ಅವರಿಗೆ ಇಷ್ಟವಾದ ಕೆಲಸ. ನೀರು ಕುಡಿಯಲು ಬರುವ ಆನೆಯ ಹಿಂಡನ್ನೂ, ತಾಯಿಯ ಹೊಟ್ಟೆಯಡಿಯಲ್ಲಿ ನಡೆಯುವ ಮರಿಯನ್ನೂ, ಬೆಳುದಿಂಗಳಲ್ಲಿ ಹುಲ್ಲು ಮೇಯುವ ಜಿಂಕೆಗಳನ್ನೂ ನೋಡಲೆಂದೇ ಅವರು ನಿದ್ದೆಗೆಡುತ್ತಿದ್ದರು. ಒಂದು ಗುಂಡಿಗಾಗಿ ಹತ್ತು ರಾತ್ರಿ ಕಾದವರಿಗೆ ಕಾಡು ತನ್ನ ಬಾಳಿನ ಪುಟಗಳನ್ನು ಒಂದೊಂದಾಗಿ ತೆರೆದು ತೋರಿಸುತ್ತದೆ. ಹೀಗೆ ನೋಡುತ್ತಾ ನೋಡುತ್ತಾ ಕೊಲ್ಲುವ ಆಸೆ ಕುಂದಿ, ತಿಳಿಯುವ ಆಸೆ ಬೆಳೆಯಿತು.

ದಾಖಲೆಗಳ ಪ್ರಕಾರ 1939ರಿಂದ 1966ರವರೆಗೆ ಆಂಡರ್ಸನ್ನರು ಎಂಟು ನರಭಕ್ಷಕ ಚಿರತೆಗಳನ್ನೂ ಏಳು ನರಭಕ್ಷಕ ಹುಲಿಗಳನ್ನೂ ಕೊಂದರು. ಲೆಕ್ಕಕ್ಕೆ ಸೇರದವು ಇನ್ನೂ ಇದ್ದುವೆಂದು ಹೇಳುವವರಿದ್ದಾರೆ. ಅವರೂ ತಮ್ಮ ಕಾಲದ ಮನುಷ್ಯರೇ. ಬೇಟೆಯನ್ನು ಗೌರವದ ಹವ್ಯಾಸವೆಂದು ಎಣಿಸಿದ ಸಮಾಜದಲ್ಲಿ ಬೆಳೆದು, ಯೌವನದಲ್ಲಿ ನರಭಕ್ಷಕಗಳಲ್ಲದ ಪ್ರಾಣಿಗಳನ್ನೂ ಬೇಟೆಯಾಡಿದವರು. ಇದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಮಹಾರಾಜರು, ಆಂಗ್ಲ ಅಧಿಕಾರಿಗಳು, ಸಿರಿವಂತರು ಹುಲಿಯ ಚರ್ಮವನ್ನು ಗೋಡೆಗೆ ತೂಗಿ ಹೆಮ್ಮೆಪಡುತ್ತಿದ್ದ ಕಾಲವದು. ಆದರೆ ಆ ಹೆಮ್ಮೆಯಲ್ಲಿ ನಿಂತಲ್ಲಿಯೇ ನಿಲ್ಲದೆ ಮುಂದಕ್ಕೆ ನಡೆದುದು ಆಂಡರ್ಸನ್ನರ ಹಿರಿಮೆ. ವರ್ಷದಿಂದ ವರ್ಷಕ್ಕೆ ಕಾಡು ಕುಗ್ಗುತ್ತಿರುವುದನ್ನು ಅವರು ಕಣ್ಣಾರೆ ಕಂಡರು. ಹಿಂದೆ ಹುಲಿಯ ಕೂಗು ಕೇಳಿದ ಕಣಿವೆಗಳು ಮೌನವಾಗುತ್ತಿದ್ದುವು. ರಾತ್ರಿಯಲ್ಲಿ ವಾಹನಗಳ ಪ್ರಖರ ದೀಪದಿಂದ ಕಣ್ಣು ಕುಕ್ಕಿಸಿ ಜಿಂಕೆಗಳನ್ನು ಕೊಲ್ಲುವವರು ಹೆಚ್ಚಿದರು. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಹುಲಿ ಕೊಂದ ದನದ ಕಳೇಬರಕ್ಕೆ ಬೆರೆಸಿ, ತಿನ್ನಲು ಮರಳಿದ ಹುಲಿಯನ್ನು ಕೊಲ್ಲುವ ಉಪಾಯವೂ ಬಳಕೆಗೆ ಬಂದಿತು. ತಮ್ಮ ಕೊನೆಯ ವರ್ಷಗಳ ಬರಹಗಳಲ್ಲಿ ಆಂಡರ್ಸನ್ನರು ಇದನ್ನು ಕಂಡು ನೊಂದು ಎಚ್ಚರಿಸಿದ್ದಾರೆ. ರೈಫಲು ಹಿಡಿದ ಕೈಗೆ ಕ್ರಮೇಣ ಕ್ಯಾಮರಾ ಬಂದಿತು. ದಕ್ಷಿಣ ಭಾರತದಲ್ಲಿ ವನ್ಯಜೀವಿಗಳ ರಕ್ಷಣೆಯ ಪರವಾಗಿ ಮೊದಲು ದನಿಯೆತ್ತಿದವರಲ್ಲಿ ಅವರೂ ಒಬ್ಬರು.

ಆಂಡರ್ಸನ್ನರ ಅನುಭವಗಳು ಅವರೊಡನೆಯೇ ಅಳಿಯಲಿಲ್ಲ. ಅವರ ಮೊದಲ ಪುಸ್ತಕ, ಒಂಬತ್ತು ನರಭಕ್ಷಕಗಳನ್ನೂ ಒಂದು ಪುಂಡಾನೆಯನ್ನೂ ಕುರಿತದ್ದು, 1954ರಲ್ಲಿ ಪ್ರಕಟವಾಯಿತು. ಅಲ್ಲಿಂದ ಮುಂದೆ ಒಂದೊಂದಾಗಿ ಹಲವು ಪುಸ್ತಕಗಳು ಹೊರಬಂದುವು. ಉತ್ತರ ಭಾರತದ ಕುಮಾವೂ ಬೆಟ್ಟಗಳಿಗೆ ಜಿಮ್ ಕಾರ್ಬೆಟ್ ಎಂತೋ ದಕ್ಷಿಣದ ಕಾಡುಗಳಿಗೆ ಆಂಡರ್ಸನ್ ಅಂತೆ ಎಂದು ಓದುಗರು ಭಾವಿಸಿದರು. ಹೊಸದುರ್ಗ, ಹೊಳಲ್ಕೆರೆ, ಎಮ್ಮೆದೊಡ್ಡಿ, ತಾಗರ್ತಿ, ದೇವರಾಯನದುರ್ಗ, ಮಾಗಡಿಗಳ ಹೆಸರು ಜಗತ್ತಿನ ದೂರದ ನಾಡುಗಳ ಓದುಗರಿಗೂ ತಿಳಿಯುವಂತಾಯಿತು. ಕನ್ನಡದ ಹಿರಿಯ ಲೇಖಕ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರ ಅನುಭವಗಳನ್ನು ಕಾಡಿನ ಕತೆಗಳು ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಈ ನೆಲದಲ್ಲಿ ನಡೆದು ಇಂಗ್ಲಿಷಿಗೆ ಹೋದ ಕಥೆಗಳು ಹೀಗೆ ಮತ್ತೆ ಈ ನೆಲದ ನುಡಿಗೆ ಮರಳಿದುವು. ಅವುಗಳನ್ನು ಓದಿ ಕಾಡಿನ ಒಲವು ಹಚ್ಚಿಕೊಂಡ ಕನ್ನಡದ ಎಳೆಯರು ಅನೇಕರು.

ಇತ್ತ ಆ ಹಳೆಯ ರೈಫಲಿನ ಕಾಲವೂ ಮುಗಿಯುತ್ತಾ ಬಂದಿತ್ತು. 1895ರ ಮಾದರಿಯ ತಯಾರಿಕೆ ಆಂಡರ್ಸನ್ನರ ಯೌವನದಲ್ಲಿಯೇ ನಿಂತುಹೋಯಿತು. ಶತಮಾನದ ನಡುಭಾಗ ಕಳೆಯುವ ಹೊತ್ತಿಗೆ 405ರ ತೋಟಾವನ್ನೂ ವಿಂಚೆಸ್ಟರ್ ಸಂಸ್ಥೆ ಮಾಡುವುದನ್ನು ಬಿಟ್ಟಿತು. ಹೊಸ ಬಗೆಯ ರೈಫಲುಗಳೂ ಹೊಸ ತೋಟಾಗಳೂ ಅದರ ಸ್ಥಾನವನ್ನು ಆಕ್ರಮಿಸಿದುವು. 21ನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಅದನ್ನು ಮತ್ತೆ ತಯಾರಿಸಿದುದುಂಟು. ಆದರೆ ಅದು ಹಳೆಯದರ ಮೇಲಿನ ಅಭಿಮಾನಕ್ಕಾಗಿ. ನಮ್ಮ ದೇಶದಲ್ಲಂತೂ ಅಷ್ಟರೊಳಗೆ ಬೇಟೆಯ ಯುಗವೇ ಮುಗಿದಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. 1973ರಲ್ಲಿ ಹುಲಿ ಯೋಜನೆ ಆರಂಭವಾಗಿ, ಮೊದಲು ಆಯ್ಕೆಯಾದ ಒಂಬತ್ತು ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದಾಯಿತು.

1974ರಲ್ಲಿ ಯಳಂದೂರಿನ ಬಿಳಿಗಿರಿರಂಗನ ಬೆಟ್ಟವನ್ನು ವನ್ಯಧಾಮವೆಂದು ಸಾರಲಾಯಿತು. ಅದೇ ವರ್ಷದ ಆಗಸ್ಟ್ 30ರಂದು ಕೆನೆತ್ ಆಂಡರ್ಸನ್ನರು ಬೆಂಗಳೂರಿನಲ್ಲಿ ತೀರಿಕೊಂಡರು. ಹುಲಿಯ ಪಂಜಕ್ಕೂ ಆನೆಯ ಸೊಂಡಿಲಿಗೂ ಸಿಕ್ಕದೆ ಉಳಿದ ಆ ದೇಹ ಅರ್ಬುದ ರೋಗಕ್ಕೆ ಸೋತಿತು. ಆಗ ಅವರಿಗೆ ಅರವತ್ತನಾಲ್ಕು ವರ್ಷ ವಯಸ್ಸು. ಅವರ ಕೊನೆಯ ಪುಸ್ತಕಗಳಲ್ಲೊಂದು ಅವರು ಕಣ್ಮರೆಯಾದ ಬಳಿಕ ಬೆಳಕು ಕಂಡಿತು. ತಂದೆಯಂತೆಯೇ ಕಾಡಿನ ಹಂಬಲವಿದ್ದ ಮಗ ಡೊನಾಲ್ಡ್ 2014ರಲ್ಲಿ ನಿಧನರಾದರು.

ಅನಂತರದ ವರ್ಷಗಳಲ್ಲಿ ಈ ಸೀಮೆಯ ಕಾಡುಗಳಿಗೆ ಹೆಚ್ಚಿನ ರಕ್ಷಣೆ ದೊರೆಯಿತು. 1987ರಲ್ಲಿ ಕಾವೇರಿ ವನ್ಯಧಾಮವೂ 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮವೂ ಸ್ಥಾಪನೆಯಾದುವು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿನ ಸೋಲಿಗರಿಗೆ ಅರಣ್ಯದ ಮೇಲಿನ ಸಾಮುದಾಯಿಕ ಹಕ್ಕುಗಳೂ ಅದೇ ವರ್ಷ ದೊರೆತುವು. ಕಾಡಿನೊಡನೆ ಬಾಳಿದವರನ್ನು ಬಿಟ್ಟು ಕಾಡನ್ನು ಕಾಯಲಾಗದೆಂಬ ಮಾತಿಗೆ ಇದರಿಂದ ಮನ್ನಣೆ ಸಿಕ್ಕಿತು.

ಆದರೆ ಕಾಯಿದೆಯಿಂದ ಮಾತ್ರವೇ ಹುಲಿ ಉಳಿಯುವುದಿಲ್ಲ. 2025ರ ಜೂನ್ ತಿಂಗಳಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ವಲಯದ ಕಾಡಿನಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಸುಮಾರು ಅರ್ಧ ಶತಮಾನದ ಹಿಂದೆ ಆಂಡರ್ಸನ್ನರು ಯಾವ ಅಪಾಯವನ್ನು ಕುರಿತು ಎಚ್ಚರಿಸಿದ್ದರೋ ಅದೇ ಅಪಾಯ ಅವರು ಅಲೆದಾಡಿದ ನೆಲದಲ್ಲಿಯೇ ಕಾಣಿಸಿಕೊಂಡಿತು. ಬಾಳಿಗೆ ಆಧಾರವಾದ ಹಸುವನ್ನು ಕಳೆದುಕೊಂಡವರ ಸಂಕಟ ಸುಳ್ಳಲ್ಲ. ಆ ನಷ್ಟವನ್ನು ತಕ್ಕ ಕಾಲದಲ್ಲಿ ತುಂಬಿಕೊಡುವುದು ಸಮಾಜದ ಕರ್ತವ್ಯ. ಆದರೆ ಕೋಪದ ಒಂದು ಗಳಿಗೆಯಲ್ಲಿ ಬೆರೆಸಿದ ವಿಷ, ಆತುರದಲ್ಲಿ ಹಾರಿಸಿದ ಗುಂಡಿನಂತೆಯೇ, ಯಾರನ್ನು ತಾಗುವುದೆಂದು ನೋಡುವುದಿಲ್ಲ. ಅದು ತಾಯಿಯನ್ನೂ ಕೊಲ್ಲುತ್ತದೆ, ಮರಿಯನ್ನೂ ಕೊಲ್ಲುತ್ತದೆ. ಹದ್ದು, ನರಿಗಳನ್ನೂ ಕೊಲ್ಲಬಲ್ಲುದು.

ಆಂಡರ್ಸನ್ನರ ಬಾಳು ಬೇಟೆಯ ಸಾಹಸಗಳಿಂದ ತುಂಬಿದೆ. ಆದರೆ ಅದರಿಂದ ನಾವು ಕಲಿಯಬೇಕಾದುದು ಬೇಟೆಯನ್ನಲ್ಲ. ಬಲವಾದ ಆಯುಧ ಕೈಯಲ್ಲಿದ್ದಾಗಲೂ ಅವರು ಕಾಯುವುದನ್ನು ಕಲಿತರು. ಒಂದು ಗುಂಡು ಹೊರಡುವ ಮೊದಲು ಅದರ ಪರಿಣಾಮವನ್ನು ಯೋಚಿಸಿದರು. ಇನ್ನೊಬ್ಬರ ತಪ್ಪಿನಿಂದ ಹುಟ್ಟಿದ ಅನಾಹುತವನ್ನು ತಮ್ಮ ಹೊಣೆಯೆಂದು ಹೊತ್ತರು. ಕೊನೆಗೆ, ಕೋವಿಯ ಅಗತ್ಯ ತೀರಿದಾಗ ಅದನ್ನು ಕೆಳಗಿಡುವುದನ್ನೂ ಕಲಿತರು.

ಇಂದು ಬಿಳಿಗಿರಿರಂಗನ ಬೆಟ್ಟದ ಕಾಡುದಾರಿಗಳಲ್ಲಿ ಮರಕ್ಕೆ ಕಟ್ಟಿದ ಕ್ಯಾಮರಾಗಳು ಹಗಲಿರುಳೂ ಕಾದಿರುತ್ತವೆ. ಹುಲಿ ಎದುರು ಹಾದುಹೋದಾಗ ಅವು ತಾವಾಗಿಯೇ ಅದರ ಚಿತ್ರವನ್ನು ಸೆರೆಹಿಡಿಯುತ್ತವೆ. ಒಬ್ಬರ ಬೆರಳಚ್ಚು ಇನ್ನೊಬ್ಬರಿಗೆ ಹೋಲದಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಹೋಲುವುದಿಲ್ಲ. ಆ ಪಟ್ಟೆಗಳನ್ನು ಹೋಲಿಸಿ ಕಾಡಿನಲ್ಲಿ ಎಷ್ಟು ಹುಲಿಗಳಿವೆಯೆಂದು ಎಣಿಸುತ್ತಾರೆ. ಹಿಂದೆ ಸತ್ತ ಹುಲಿಗಳನ್ನು ಲೆಕ್ಕ ಹಾಕುತ್ತಿದ್ದ ಈ ನಾಡು ಇಂದು ಬದುಕಿರುವ ಹುಲಿಗಳನ್ನು ಲೆಕ್ಕ ಹಾಕುತ್ತಿದೆ.